ಸಾವಿರ ದಾಟಿದ್ದು ಯಾವ ಗೊರಿಲ್ಲಾ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಗೊರಿಲ್ಲಾ ಬಗ್ಗೆ ಒಂದು ಪುಟ್ಟ ಬರಹ ಹಾಕಿದ್ದಿರಿ. ಮಕ್ಕಳ ಪುಟ, ಚಿಕ್ಕದಾಗಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪಕ್ಕದ ಬಾಕ್ಸ್‌ನಲ್ಲಿ 'ಗೊರಿಲ್ಲಾಗಳ ಸಂಖ್ಯೆ ಸಾವಿರ ದಾಟಿದೆ, ಅಳಿವಿನ ಭಯ ದೂರವಾಗಿದೆ' ಎಂದು ಬರೆದು, ಮೇಲೆ ನಮ್ಮ ಮೈಸೂರು ಮೃಗಾಲಯದ ಗೊರಿಲ್ಲಾ ಫೋಟೊ ಹಾಕಿದ್ದೀರಲ್ಲ, ಎಡವಟ್ಟಾಗಿದ್ದು ಅಲ್ಲಿ. ಸಾವಿರ ದಾಟಿದ ಗೊರಿಲ್ಲಾ ಬೇರೆ, ಫೋಟೊದಲ್ಲಿರುವ ಗೊರಿಲ್ಲಾ ಬೇರೆ. ಸಾವಿರ ದಾಟಿದ್ದು ಬೆಟ್ಟದ ಗೊರಿಲ್ಲಾ. ಅದು ಪ್ರಪಂಚದ ಯಾವ ಮೃಗಾಲಯದಲ್ಲೂ ಇಲ್ಲ. ಮೈಸೂರಿನಲ್ಲಿರುವುದು ಪಶ್ಚಿಮದ ತಗ್ಗುಕಾಡಿನ ಗೊರಿಲ್ಲಾ. ಕಾಡಿನಲ್ಲಿ ಅದರ ಸಂಖ್ಯೆ ಲಕ್ಷದ ಲೆಕ್ಕದಲ್ಲಿದೆ, ಆದರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅಂದರೆ ಕಡಿಮೆ ಇರುವುದು ಏರುತ್ತಿದೆ, ಜಾಸ್ತಿ ಇರುವುದು ಇಳಿಯುತ್ತಿದೆ. ಎರಡನ್ನೂ ಕಲಸಿ ಒಂದೇ ಬಾಕ್ಸ್‌ಗೆ ತುಂಬಿದರೆ ಓದಿದ ಮಗುವಿಗೂ ಅದರ ಅಪ್ಪ ಅಮ್ಮನಿಗೂ ಉಳಿಯುವುದು ಒಂದೇ ಮಾತು, 'ಪರವಾಗಿಲ್ಲ, ಎಲ್ಲ ಸರಿ ಹೋಯಿತು' ಅಂತ. ಸರಿ ಹೋಗಿಲ್ಲ. ಅದಕ್ಕೇ ಈ ಪತ್ರ.

ಒಟ್ಟು ನಾಲ್ಕು ಬಗೆಯ ಗೊರಿಲ್ಲಾಗಳಿವೆ. ಎಲ್ಲವೂ ಆಫ್ರಿಕಾದಲ್ಲೇ, ಸಮಭಾಜಕ ವೃತ್ತದ ಆಸುಪಾಸಿನ ಕಾಡುಗಳಲ್ಲಿ. ಪಶ್ಚಿಮಕ್ಕೆ ಎರಡು ಬಗೆ, ಪೂರ್ವಕ್ಕೆ ಎರಡು ಬಗೆ, ನಡುವೆ ನೂರಾರು ಕಿಲೋಮೀಟರ್ ಗೊರಿಲ್ಲಾ ಇಲ್ಲದ ಕಾಡು. ಪಶ್ಚಿಮದ ತಗ್ಗುಕಾಡಿನದು ಗೇಬಾನ್, ಕ್ಯಾಮರೂನ್, ಬ್ರಜಾವಿಲ್ ರಾಜಧಾನಿಯಾಗಿರುವ ಚಿಕ್ಕ ಕಾಂಗೋ, ಮಧ್ಯ ಆಫ್ರಿಕಾ ಗಣರಾಜ್ಯ, ಈ ಕಡೆಯದು. ಅದರ ಹತ್ತಿರದ ಸಂಬಂಧಿ ಕ್ರಾಸ್ ರಿವರ್ ಗೊರಿಲ್ಲಾ, ನೈಜೀರಿಯ ಮತ್ತು ಕ್ಯಾಮರೂನ್ ಗಡಿಯ ಗುಡ್ಡಗಳಲ್ಲಿದೆ. ಪೂರ್ವಕ್ಕೆ ಬಂದರೆ ಗ್ರಾವರ್ ಗೊರಿಲ್ಲಾ, ಕಿನ್ಷಾಸ ರಾಜಧಾನಿಯಾಗಿರುವ ದೊಡ್ಡ ಕಾಂಗೋದ ಪೂರ್ವ ಭಾಗ ಬಿಟ್ಟು ಬೇರೆಲ್ಲೂ ಇಲ್ಲ. ಗಾತ್ರದಲ್ಲಿ ನಾಲ್ಕರಲ್ಲೂ ಇದೇ ದೊಡ್ಡದು. ಕೊನೆಯದು ಬೆಟ್ಟದ ಗೊರಿಲ್ಲಾ. ರುವಾಂಡ, ಉಗಾಂಡ, ಕಾಂಗೋ ಮೂರೂ ದೇಶ ಕೂಡುವ ಕಡೆ ಇರುವ ವಿರುಂಗ ಜ್ವಾಲಾಮುಖಿ ಬೆಟ್ಟಸಾಲು ಮತ್ತು ಉಗಾಂಡದ ಬ್ವಿಂಡಿ ಕಾಡು, ಇಷ್ಟೇ ಅದರ ಪ್ರಪಂಚ. ಮುಂದೆ ನಾನು ಸುಮ್ನೆ ಕಾಂಗೋ ಅಂದರೆ ಈ ದೊಡ್ಡ ಕಾಂಗೋ ಅಂತಲೇ ತಿಳಿಯಿರಿ.

ನಮ್ಮ ಮೈಸೂರಿನವರಿಗೆ ಗೊರಿಲ್ಲಾ ಹೊಸತಲ್ಲ. 1995ರಲ್ಲಿ ಡಬ್ಲಿನ್‌ನಿಂದ ಬಂದ ಪೋಲೋನನ್ನು ನೋಡದೆ ಬೆಳೆದ ಮಕ್ಕಳು ಈ ಊರಲ್ಲಿ ಕಡಿಮೆ. ಬಹಳ ವರ್ಷ ಇಡೀ ಭಾರತಕ್ಕೆ ಅವನೊಬ್ಬನೇ ಗೊರಿಲ್ಲಾ. ಜೊತೆಗೊಂದು ಹೆಣ್ಣು ತರಿಸಬೇಕೆಂದು ಮೃಗಾಲಯದವರು ಎಷ್ಟು ಓಡಾಡಿದರೂ ಆಗಲಿಲ್ಲ, 2014ರಲ್ಲಿ ಒಂಟಿಯಾಗೇ ಹೋದ. ಆಮೇಲೆ 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಎರಡು ಗಂಡು ಬಂದವು. ಭಾನುವಾರ ಆ ಆವರಣದ ಮುಂದೆ ನಿಂತು ನೋಡಿ, ಗೊರಿಲ್ಲಾಗಿಂತ ಜನರನ್ನು ನೋಡುವುದೇ ಒಂದು ತಮಾಷೆ. ಮಕ್ಕಳಿರಲಿ, ದೊಡ್ಡವರೂ ಮುಷ್ಟಿ ಕಟ್ಟಿ ಎದೆ ಗುದ್ದಿಕೊಂಡು, ಹಲ್ಲು ಕಿರಿದು, ಕಣ್ಣಲ್ಲಿ ಕಣ್ಣಿಟ್ಟು ದುರುಗುಟ್ಟಿ ನೋಡುತ್ತಾರೆ. ಮೊದಲನೆಯದಾಗಿ ಗೊರಿಲ್ಲಾ ಮುಷ್ಟಿಯಲ್ಲಿ ಎದೆ ಗುದ್ದಿಕೊಳ್ಳುವುದಿಲ್ಲ. ಅಂಗೈಯನ್ನು ಸ್ವಲ್ಪ ಬಾಗಿಸಿ ಬೊಗಸೆಯ ಹಾಗೆ ಮಾಡಿಕೊಂಡು ಎದೆಗೆ ಟಕಟಕ ಬಡಿಯುತ್ತದೆ. ಆ ಸದ್ದು ಕಾಡಿನಲ್ಲಿ ಒಂದು ಕಿಲೋಮೀಟರ್ ತನಕ ಕೇಳುತ್ತದೆ. ರುವಾಂಡದಲ್ಲಿ ಸದ್ದನ್ನು ರೆಕಾರ್ಡ್ ಮಾಡಿ ಅಳೆದವರು 2021ರಲ್ಲಿ ಹೇಳಿದ್ದು ಏನೆಂದರೆ, ಮೈ ದೊಡ್ಡದಾದಷ್ಟೂ ಸದ್ದು ದಪ್ಪ. ಅಂದರೆ ನಾನೆಷ್ಟು ದೊಡ್ಡವನು ಎಂದು ದೂರದಿಂದಲೇ ಹೇಳಿಬಿಡುವುದು. ಕೇಳಿದ ಇನ್ನೊಂದು ಗಂಡು ಲೆಕ್ಕ ಹಾಕಿ ಬೇರೆ ದಾರಿ ಹಿಡಿಯುತ್ತದೆ, ಎಷ್ಟೋ ಸಲ ಜಗಳವೇ ಆಗುವುದಿಲ್ಲ. ಎರಡನೆಯದು, ದುರುಗುಟ್ಟಿ ನೋಡುವುದು ಅವುಗಳ ಲೆಕ್ಕದಲ್ಲಿ ಕಾಲು ಕೆರೆದು ಜಗಳಕ್ಕೆ ಕರೆದ ಹಾಗೆ. ಆಫ್ರಿಕಾದ ಕಾಡಿಗೆ ನೋಡಲು ಹೋದವರಿಗೆ ಗೈಡ್‌ಗಳು ಮೊದಲೇ ಹೇಳುವುದು ಇದನ್ನು: ಗಂಡು ನಿಮ್ಮತ್ತ ನುಗ್ಗಿ ಬಂದರೆ ಓಡಬೇಡಿ, ಕುಕ್ಕರುಗಾಲಲ್ಲಿ ಕೂತು ತಲೆ ತಗ್ಗಿಸಿ. ನಿಮ್ಮ ಬರಹದಲ್ಲಿ 'ಭಯಂಕರ ಉಗ್ರ ಪ್ರಾಣಿ' ಅಂತಿತ್ತು. ಅದರ ದಿನಚರಿ ನೋಡಿದರೆ ಹಾಗೆ ಬರೆಯಲು ನಿಮಗೇ ಮನಸ್ಸಾಗುವುದಿಲ್ಲ.

ಅದು ಬೆಳಗ್ಗೆಯಿಂದ ಸಂಜೆಯ ತನಕ ಮಾಡುವ ಕೆಲಸ ತಿನ್ನುವುದು, ನಡುವೆ ಹಗಲು ಮಲಗುವುದು, ಮತ್ತೆ ತಿನ್ನುವುದು. ಅದೂ ಸೊಪ್ಪು, ದಂಟು, ತೊಗಟೆ, ಹಣ್ಣು, ಅಪರೂಪಕ್ಕೊಂದಿಷ್ಟು ಇರುವೆ ಗೆದ್ದಲು. 150ರಿಂದ 200 ಕಿಲೋ ತೂಗುವ ಗಂಡು ಸೊಪ್ಪು ತಿಂದೇ ಅಷ್ಟಾಗುವುದು. ವಿರುಂಗ ಬೆಟ್ಟಗಳಲ್ಲಿ ಅವಕ್ಕೆ ತುರಿಕೆ ಸೊಪ್ಪು ಅಂದರೆ ಇಷ್ಟ. ಮುಟ್ಟಿದರೆ ಉರಿಯುವ ಗಿಡ ಅದು, ನಮ್ಮ ಮಲೆನಾಡಿನ ತುರಿಕೆ ಗಿಡದ ಬಳಗದ್ದೇ. ಅದನ್ನು ಹೇಗೆ ತಿನ್ನುತ್ತದೆ ಗೊತ್ತಾ? ಒಂದು ಕೈಯಲ್ಲಿ ದಂಟಿನ ಬುಡ ಹಿಡಿದು ಇನ್ನೊಂದು ಕೈಯನ್ನು ಮೇಲಕ್ಕೆ ಎಳೆದರೆ ಎಲೆಗಳೆಲ್ಲ ಗೊಂಚಲಾಗಿ ಕೈಗೆ ಬರುತ್ತವೆ. ಆಮೇಲೆ ಎಲೆಯ ತೊಟ್ಟುಗಳನ್ನು ತಿರುಚಿ ಕಿತ್ತೆಸೆಯುತ್ತದೆ. ಉಳಿದ ಎಲೆಯ ಕಂತೆಯನ್ನು ಹೆಬ್ಬೆರಳ ಮೇಲೆ ಮಡಚಿ, ಉರಿಯುವ ಅಂಚು ಒಳಗೆ ಹೋಗುವ ಹಾಗೆ ಸುತ್ತಿ, ಬೀಡಾ ಹಾಕಿಕೊಳ್ಳುವ ಹಾಗೆ ಬಾಯಿಗಿಡುತ್ತದೆ. ಒಂದೇ ಎಲೆಯ ಹೊರಮೈ ಮಾತ್ರ ತುಟಿಗೆ ತಾಗುತ್ತದೆ, ಮಿಕ್ಕಿದ್ದೆಲ್ಲ ಒಳಗೆ. ಮರಿಗಳು ಈ ಕೆಲಸ ಕಲಿಯಲು ವರ್ಷಗಟ್ಟಲೆ ತಾಯಿಯ ಪಕ್ಕದಲ್ಲೇ ಕೂತಿರುತ್ತವೆ. ಮಳೆ ಬಿದ್ದು ಬಿದಿರಿನ ಕಳಲೆ ಎದ್ದ ಕಾಲಕ್ಕೆ ಗುಂಪು ಗುಂಪೇ ಬಿದಿರು ಕಾಡಿಗೆ ಇಳಿದು ಬರುತ್ತದೆ. ಕಳಲೆಯ ರುಚಿ ಗೊತ್ತಿರುವ ಕೊಡಗು, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಬಿಡಿ.

ಸಂಜೆಯಾದರೆ ಪ್ರತಿಯೊಂದೂ ಸೊಪ್ಪು, ಕೊಂಬೆ ಬಗ್ಗಿಸಿ ಹೊಸದೊಂದು ಹಾಸಿಗೆ ಮಾಡಿಕೊಳ್ಳುತ್ತದೆ. ನಿನ್ನೆಯದರಲ್ಲಿ ಇವತ್ತು ಮಲಗುವುದಿಲ್ಲ. ಮರಿ ಮಾತ್ರ ತಾಯಿಯ ಹಾಸಿಗೆಯಲ್ಲೇ. ಎಣಿಕೆ ಮಾಡುವವರಿಗೆ ಇದೇ ಆಧಾರ. ಗೊರಿಲ್ಲಾವನ್ನು ಕಣ್ಣಾರೆ ನೋಡಿ ಎಣಿಸುವುದು ಆ ದಟ್ಟ ಕಾಡಿನಲ್ಲಿ ಆಗದ ಮಾತು, ಹಾಗಾಗಿ ರಾತ್ರಿ ಮಲಗೆದ್ದ ಹಾಸಿಗೆಗಳನ್ನು ಹುಡುಕಿಕೊಂಡು ಹೋಗಿ, ಅಲ್ಲಿ ಬಿದ್ದ ಲದ್ದಿಯನ್ನು ಸಂಗ್ರಹಿಸಿ, ಡಿಎನ್‌ಎ ಪರೀಕ್ಷೆ ಮಾಡಿ, ಇದು ಯಾವ ಪ್ರಾಣಿ, ಮೊದಲೇ ಲೆಕ್ಕಕ್ಕೆ ಬಂದಿದೆಯೋ ಇಲ್ಲವೋ ಎಂದು ನೋಡುತ್ತಾರೆ. ಹೀಗೆ ಎಣಿಸಿಯೇ ವಿರುಂಗದಲ್ಲಿ 604, ಬ್ವಿಂಡಿಯಲ್ಲಿ 459, ಒಟ್ಟು 1,063 ಬೆಟ್ಟದ ಗೊರಿಲ್ಲಾ ಇವೆ ಎಂಬ ಲೆಕ್ಕ ಸಿಕ್ಕಿದ್ದು. 1980ರ ದಶಕದ ಆರಂಭದಲ್ಲಿ ವಿರುಂಗದಲ್ಲಿ ಇದ್ದದ್ದು ಸುಮಾರು 250. ಆದ್ದರಿಂದ ನಿಮ್ಮ ಸಂತೋಷ ಸುಳ್ಳಲ್ಲ. 2018ರಲ್ಲಿ ಬೆಟ್ಟದ ಗೊರಿಲ್ಲಾವನ್ನು, ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನವರು 'ತೀವ್ರ ಅಪಾಯ' ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿನ 'ಅಪಾಯ' ಪಟ್ಟಿಗೆ ಇಳಿಸಿದರು. ಇಳಿಸಿದ್ದು ಅಷ್ಟೇ, ಪಟ್ಟಿಯಿಂದ ತೆಗೆದಿಲ್ಲ. ಉಳಿದ ಮೂರೂ ಬಗೆ ಇನ್ನೂ 'ತೀವ್ರ ಅಪಾಯ'ದಲ್ಲೇ ಇವೆ.

ಇನ್ನು ಅವು ಬೇಗ ಹೆಚ್ಚುವ ಪ್ರಾಣಿಯೂ ಅಲ್ಲ. ಹೆಣ್ಣು ಮೊದಲ ಮರಿ ಹಾಕುವ ಹೊತ್ತಿಗೆ ಹತ್ತು ವರ್ಷ ಆಗಿರುತ್ತದೆ. ಎಂಟೂವರೆ ತಿಂಗಳ ಬಸಿರು, ಸಾಮಾನ್ಯವಾಗಿ ಒಂದೇ ಮರಿ, ಮುಂದಿನದಕ್ಕೆ ನಾಲ್ಕು ವರ್ಷ ಕಾಯಬೇಕು. ಹುಟ್ಟಿದ್ದರಲ್ಲೂ ಹಲವು ಮೊದಲ ವರ್ಷಗಳಲ್ಲೇ ಸಾಯುತ್ತವೆ. ಗುಂಪಿನ ಯಜಮಾನ ಬೆನ್ನು ಬೆಳ್ಳಗಾದ ಗಂಡು. ಎಲ್ಲಿಗೆ ಹೋಗಬೇಕು, ಎಲ್ಲಿ ಮಲಗಬೇಕು, ಜಗಳ ಬಂದರೆ ಮುಂದೆ ನಿಲ್ಲುವುದು, ಎಲ್ಲ ಅವನದೇ. ಬೇಟೆಗಾರ ಅವನೊಬ್ಬನನ್ನು ಹೊಡೆದರೆ ಹೋಗುವುದು ಒಂದು ಜೀವ ಅಂದುಕೊಳ್ಳುತ್ತೇವೆ ಅಲ್ವಾ? ಗುಂಪು ಚದುರುತ್ತದೆ. ಹೆಣ್ಣುಗಳು ಬೇರೆ ಗಂಡಿನ ಗುಂಪು ಸೇರಿದಾಗ ಆ ಗಂಡು ಹಾಲು ಕುಡಿಯುವ ಮರಿಗಳನ್ನು ಕೊಂದು ಹಾಕುವುದುಂಟು, ತಾಯಿ ಬೇಗ ಮತ್ತೆ ಬಸಿರಾಗಲಿ ಅಂತ. ಒಂದು ಗುಂಡಿಗೆ ಎಷ್ಟು ಜೀವ ಅಂತ ಲೆಕ್ಕ ಹಾಕಿ.

ಬೆಟ್ಟದಲ್ಲಿ ಗುಂಡಿಗಿಂತ ಹೆಚ್ಚು ಕಾಟ ಉರುಳಿನದು. ಜನ ಉರುಳು ಹಾಕುವುದು ಸಣ್ಣ ಜಿಂಕೆಗಳಿಗೆ, ಮಾಂಸಕ್ಕೆ. ಸಿಕ್ಕಿಹಾಕಿಕೊಳ್ಳುವುದು ಗೊರಿಲ್ಲಾ ಮರಿಯ ಕೈಯೋ ಕಾಲೋ. ನಮ್ಮ ಕಡೆ ಹಂದಿಗೆ ಅಂತ ಹಾಕಿದ ಉರುಳಿಗೆ ಚಿರತೆ ಸಿಕ್ಕಿ ಸಾಯುವ ಸುದ್ದಿ ನೀವೇ ಆಗಾಗ ಹಾಕುತ್ತಿರುತ್ತೀರಿ, ಕತೆ ಅದೇ. ದೊಡ್ಡ ಗಂಡಾದರೆ ಕಿತ್ತುಕೊಂಡು ಹೋಗುತ್ತದೆ, ಮರಿಗೆ ಆ ಶಕ್ತಿ ಇಲ್ಲ. ಬಿಡಿಸಿಕೊಂಡರೂ ಗಾಯ ಕೊಳೆತು ಕೈ ಹೋಗುತ್ತದೆ, ಇಲ್ಲ ಪ್ರಾಣವೇ ಹೋಗುತ್ತದೆ. 2012ರಲ್ಲಿ ರುವಾಂಡದಲ್ಲಿ ನಡೆದದ್ದೊಂದನ್ನು ಹೇಳಬೇಕು. ಉರುಳಿಗೆ ಸಿಕ್ಕಿ ಒಂದು ಮರಿ ಸತ್ತು ಕೆಲವೇ ದಿನ ಆಗಿತ್ತು. ಕುರ್ಯಾಮ ಎಂಬ ಗುಂಪಿನ ಹತ್ತಿರ ಇನ್ನೊಂದು ಉರುಳು ಕಂಡು, ಕಾವಲಿನವನು ಅದನ್ನು ಬಿಚ್ಚಲು ಹೋದಾಗ ಗುಂಪಿನ ಗಂಡು 'ಹತ್ತಿರ ಬರಬೇಡ' ಅನ್ನುವ ಹಾಗೆ ಗುಟುರು ಹಾಕಿತು. ಅವನು ಹಿಂದೆ ಸರಿದ. ಅಷ್ಟರಲ್ಲಿ ರ್ವೇಮಾ, ಡುಕೋರೆ ಎಂದು ಹೆಸರಿಟ್ಟಿದ್ದ ನಾಲ್ಕು ವರ್ಷದ ಎರಡು ಪುಟಾಣಿಗಳು ಓಡಿ ಬಂದವು. ಒಂದು, ಉರುಳನ್ನು ಬಿಗಿದಿದ್ದ ಬಗ್ಗಿಸಿದ ಕೊಂಬೆಯ ಮೇಲೆ ಹಾರಿ ಅದನ್ನು ಮುರಿಯಿತು. ಇನ್ನೊಂದು ಕುಣಿಕೆಯನ್ನು ಬಿಡಿಸಿತು. ಮುಗಿಯಿತು ಅನ್ನುವಾಗ, ಕಾವಲಿನವನ ಕಣ್ಣಿಗೇ ಬೀಳದ ಮತ್ತೊಂದು ಉರುಳನ್ನು ಹುಡುಕಿ ಅದನ್ನೂ ಬಿಚ್ಚಿ ಹಾಕಿದವು, ಅದಕ್ಕೆ ಮೂರನೆಯ ಮರಿಯೂ ಕೈ ಜೋಡಿಸಿತು. ಮಕ್ಕಳ ಪುಟಕ್ಕೆ ಇಂಥದ್ದು ಹಾಕಿ ಸಾರ್.

ಈಗ ನಿಮ್ಮ ಫೋಟೊದ ಗೊರಿಲ್ಲಾಗೆ ಬರೋಣ. ಪಶ್ಚಿಮದ ತಗ್ಗುಕಾಡಿನವು ಸುಮಾರು 3,60,000 ಇವೆ ಎಂದು 2018ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನ ಹೇಳಿತು. ಮೊದಲು ಅಂದುಕೊಂಡಿದ್ದಕ್ಕಿಂತ ಅದು ಜಾಸ್ತಿಯೇ. ಅದೇ ಅಧ್ಯಯನ ಇನ್ನೂ ಎರಡು ಮಾತು ಹೇಳಿತು, ಅವು ಅಷ್ಟು ಸುದ್ದಿಯಾಗಲಿಲ್ಲ. ವರ್ಷಕ್ಕೆ 2.7 ಶೇಕಡಾ ಲೆಕ್ಕದಲ್ಲಿ ಅವು ಕಡಿಮೆಯಾಗುತ್ತಿವೆ. ಮತ್ತೆ, ನೂರಕ್ಕೆ ಎಂಬತ್ತು ಗೊರಿಲ್ಲಾ ಇರುವುದು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಹೊರಗೆ. ಅಂದರೆ ಮರ ಕಡಿಯಲು ಕಂಪನಿಗಳಿಗೆ ಗುತ್ತಿಗೆ ಕೊಟ್ಟ ಕಾಡಿನಲ್ಲಿ, ಕೊಟ್ಟಿಲ್ಲದ ಆದರೆ ಯಾವಾಗ ಬೇಕಾದರೂ ಕೊಡಬಹುದಾದ ಕಾಡಿನಲ್ಲಿ. ಮರ ಕಡಿದ ತಕ್ಷಣ ಗೊರಿಲ್ಲಾ ಸಾಯುತ್ತದೆ ಅಂತಲ್ಲ. ದೊಡ್ಡ ಮರ ಹೋದ ಜಾಗದಲ್ಲಿ ಬಿಸಿಲು ಬಿದ್ದು ಕುರುಚಲು ಬೆಳೆಯುತ್ತದೆ, ಅದನ್ನು ಅವು ತಿನ್ನುತ್ತವೆ ಕೂಡ. ಕಷ್ಟ ಇರುವುದು ದಿಮ್ಮಿ ಸಾಗಿಸಲು ಮಾಡಿದ ರಸ್ತೆಯಲ್ಲಿ. ಕಾಲ್ನಡಿಗೆಯಲ್ಲಿ ವಾರ ಹಿಡಿಯುತ್ತಿದ್ದ ಕಾಡಿನ ಹೊಟ್ಟೆಗೆ ಈಗ ಬೈಕಲ್ಲಿ ಹೋಗಬಹುದು, ಕೋವಿಯ ಜೊತೆ. ದಿಮ್ಮಿ ಲಾರಿಯಲ್ಲೇ ಕಾಡುಮಾಂಸ ಪಟ್ಟಣಕ್ಕೆ ಬರುತ್ತದೆ. ಹಳ್ಳಿಯವನು ತನ್ನ ಮನೆಯ ಸಾರಿಗೆ ಹೊಡೆಯುತ್ತಿದ್ದ ಕಾಲಕ್ಕೂ, ಪಟ್ಟಣದಲ್ಲಿ ದುಡ್ಡು ಕೊಟ್ಟು ಕೊಳ್ಳುವವರಿಗಾಗಿ ಹೊಡೆಯುವ ಈ ಕಾಲಕ್ಕೂ ತುಂಬಾ ವ್ಯತ್ಯಾಸ ಇದೆ. ಗೊರಿಲ್ಲಾವನ್ನು ಕೊಲ್ಲುವುದು ಅಲ್ಲೆಲ್ಲ ಕಾನೂನಿಗೆ ವಿರುದ್ಧವೇ. ಕಾನೂನು ಜಾರಿ ಮಾಡುವವರು ಎಷ್ಟು ಜನ, ಅವರಿಗೆ ಸಂಬಳ ಎಷ್ಟು ಸರಿಯಾಗಿ ಬರುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಇದರ ಮೇಲೆ ಎಬೋಲಾ. ಎಬೋಲಾ ಎಂದರೆ ನಮಗೆ ಮನುಷ್ಯರ ರೋಗ ಅಂತ ಮಾತ್ರ ಗೊತ್ತು. ಚಿಕ್ಕ ಕಾಂಗೋದ ಲೋಸಿ ಅಭಯಾರಣ್ಯದ ಸುತ್ತ 2002ರಿಂದ 2004ರ ಒಳಗೆ ಸುಮಾರು 5,000 ಗೊರಿಲ್ಲಾಗಳು ಎಬೋಲಾದಿಂದ ಸತ್ತಿರಬೇಕೆಂದು ಅಂದಾಜು. ಸಂಶೋಧಕರು ವರ್ಷಗಟ್ಟಲೆ ಗುರುತಿಟ್ಟುಕೊಂಡು ನೋಡುತ್ತಿದ್ದ ಗುಂಪುಗಳು ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಖಾಲಿಯಾದವು. ಐದು ಸಾವಿರ ಅಂದರೆ ಇವತ್ತಿನ ಬೆಟ್ಟದ ಗೊರಿಲ್ಲಾಗಳ ಒಟ್ಟು ಸಂಖ್ಯೆಯ ನಾಲ್ಕು ಪಟ್ಟಿಗೂ ಜಾಸ್ತಿ. ಹಾಗಾಗಿ ಮೂರೂವರೆ ಲಕ್ಷ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ.

ಗ್ರಾವರ್ ಗೊರಿಲ್ಲಾದ ಕತೆಯಲ್ಲಿ ನಮ್ಮ ಜೇಬಿನ ಫೋನೂ ಬರುತ್ತದೆ. 1990ರ ದಶಕದ ಮಧ್ಯದಲ್ಲಿ ಇವು ಸುಮಾರು 16,900 ಇದ್ದವು. 1994ರಲ್ಲಿ ಪಕ್ಕದ ರುವಾಂಡದಲ್ಲಿ ನರಮೇಧ, ಲಕ್ಷಾಂತರ ನಿರಾಶ್ರಿತರು ಕಾಂಗೋಗೆ ಬಂದರು. 1996ರಿಂದ ಯುದ್ಧದ ಮೇಲೆ ಯುದ್ಧ. ಕೈಗೆ ಬಂದೂಕು ಸಿಕ್ಕಿದವರೆಲ್ಲ ಒಂದೊಂದು ಪಡೆ ಕಟ್ಟಿಕೊಂಡು ಕಾಡು ಸೇರಿದರು. ಆ ಕಾಡಿನ ನೆಲದಲ್ಲಿ ಚಿನ್ನ, ತವರ, ಕೋಲ್ಟಾನ್ ಎಂಬ ಅದಿರು ಇದೆ. ಕೋಲ್ಟಾನ್‌ನಿಂದ ಟ್ಯಾಂಟಲಮ್ ತೆಗೆಯುತ್ತಾರೆ. ಫೋನು, ಲ್ಯಾಪ್‌ಟಾಪ್ ಒಳಗಿನ ಸಾಸಿವೆ ಗಾತ್ರದ ಕೆಪಾಸಿಟರ್‌ಗಳಿಗೆ ಅದು ಬೇಕು. 2000ದ ಸುಮಾರಿಗೆ ಅದರ ಬೆಲೆ ಗಗನಕ್ಕೇರಿದಾಗ ಕಹುಜಿ-ಬಿಯೆಗ ರಾಷ್ಟ್ರೀಯ ಉದ್ಯಾನದ ಒಳಗೆ ಸಾವಿರಾರು ಜನ ಗುದ್ದಲಿ, ಬಾಣಲೆ ಹಿಡಿದು ಇಳಿದರು. ಗಣಿ ಅಂದರೆ ನಮ್ಮ ಬಳ್ಳಾರಿಯಂಥ ಯಂತ್ರದ ಗಣಿ ಅಲ್ಲ, ಹಳ್ಳದ ದಂಡೆ ಅಗೆದು ಮಣ್ಣು ಜಾಲಾಡುವುದು. ಅಂಗಡಿ ಇಲ್ಲದ ಆ ಕಾಡಿನಲ್ಲಿ ಅವರಿಗೆ ಊಟ ಎಲ್ಲಿಂದ? ಕಾಡಿನಿಂದಲೇ. ಗೊರಿಲ್ಲಾ ಹಗಲಲ್ಲಿ ನೆಲದ ಮೇಲೇ ಓಡಾಡುತ್ತದೆ, ಹೋದ ದಾರಿ ಸೊಪ್ಪು ಮುರಿದು ಕಾಣುತ್ತದೆ, ಒಂದನ್ನು ಹೊಡೆದರೆ ಎಷ್ಟೋ ಜನರಿಗೆ ಸಾಕು. 2016ರಲ್ಲಿ ಲೆಕ್ಕ ಹಾಕಿದಾಗ ಉಳಿದದ್ದು ಕೇವಲ 3,800 ಅಂದರು. ಆಮೇಲೆ ಮೊದಲು ಕಾಲಿಡಲಾಗದ ಕಾಡುಗಳಲ್ಲೂ ಎಣಿಸಲು ಆಗಿ, 2021ರಲ್ಲಿ ಅಂದಾಜು ಸುಮಾರು 6,800ಕ್ಕೆ ಬಂತು. ಗೊರಿಲ್ಲಾ ಹೆಚ್ಚಿದ್ದಲ್ಲ ಅದು, ಎಣಿಕೆ ಸರಿಯಾಗಿದ್ದು. ಹಾಗೆ ನೋಡಿದರೂ ಅರ್ಧಕ್ಕಿಂತ ಜಾಸ್ತಿ ಹೋಗಿಯೇ ಬಿಟ್ಟಿವೆ.

ಫೋನ್ ಬಿಸಾಕಿ ಅಂತ ನಾನು ಹೇಳುವುದಿಲ್ಲ, ಈ ಪತ್ರ ಟೈಪ್ ಮಾಡುತ್ತಿರುವುದೂ ಫೋನಲ್ಲೇ. ಆ ಮಣ್ಣು ಜಾಲಾಡುವವರೂ ಬೇರೆ ದಾರಿ ಇಲ್ಲದ ಬಡವರು. ಆದರೆ ವರ್ಷಕ್ಕೊಂದು ಹೊಸ ಮಾಡೆಲ್ ಬೇಕೇ ಬೇಕು ಅನ್ನುವ ಚಾಳಿ ಇದೆಯಲ್ಲ, ಅದರ ಬಗ್ಗೆ ಬೇಕಾದರೆ ಮಾತಾಡಬಹುದು.

ಇದ್ದಿಲಿನ ವಿಷಯವನ್ನೂ ಬಿಡುವ ಹಾಗಿಲ್ಲ. ಕಾಂಗೋದ ಪೂರ್ವ ಗಡಿಯ ಗೋಮಾ ಎಂಬ ಊರಿನ ಹೆಸರು ನಿಮ್ಮ ಪತ್ರಿಕೆಯಲ್ಲಿ ಬಂದಿದ್ದು 2025ರ ಜನವರಿಯಲ್ಲಿ ಎಂ23 ಬಂಡುಕೋರರು ಅದನ್ನು ಹಿಡಿದಾಗ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ನಮ್ಮ ಭಾರತದ ಸೈನಿಕರು ವರ್ಷಗಟ್ಟಲೆ ಇರುವ ಊರು ಅದು. ಊರಿನ ಉತ್ತರಕ್ಕೇ ವಿರುಂಗ ರಾಷ್ಟ್ರೀಯ ಉದ್ಯಾನ ಶುರು, 1925ರಲ್ಲಿ ಆದದ್ದು. ಗೋಮಾದ ಲಕ್ಷಾಂತರ ಮನೆಗಳಲ್ಲಿ ಅಡುಗೆ ಆಗುವುದು ಇದ್ದಿಲಿನಲ್ಲಿ, ಆ ಇದ್ದಿಲಿನ ಬಹುಪಾಲು ಬರುವುದು ಉದ್ಯಾನದ ಮರ ಸುಟ್ಟು. ಕೋಟಿಗಟ್ಟಲೆ ದುಡ್ಡಿನ ವ್ಯವಹಾರ, ಶಸ್ತ್ರ ಹಿಡಿದವರಿಗೂ ಅದರಲ್ಲಿ ಪಾಲು. 2007ರ ಜುಲೈಯಲ್ಲಿ ರುಗೆಂಡೊ ಗುಂಪಿನ ಗೊರಿಲ್ಲಾಗಳನ್ನು ಗುಂಡಿಟ್ಟು ಕೊಂದರು, ಸೆಂಕ್ವೆಕ್ವೆ ಎಂಬ ದೊಡ್ಡ ಗಂಡನ್ನೂ. ಮಾಂಸಕ್ಕಲ್ಲ, ಯಾರೂ ಅವನ್ನು ಹೊತ್ತೊಯ್ಯಲಿಲ್ಲ. ಕಾಡು ಕಾಯುವವರಿಗೆ ಬೆದರಿಕೆ ಅದು, ಹಿಂದೆ ಇದ್ದದ್ದು ಇದ್ದಿಲು ದಂಧೆ ಎಂದು ಆಮೇಲೆ ಹೊರಬಂತು. ಆ ಭಾರೀ ದೇಹವನ್ನು ಮರದ ಗಳಗಳಿಗೆ ಕಟ್ಟಿ ಹಳ್ಳಿಯವರು ಹೆಗಲ ಮೇಲೆ ಹೊತ್ತು ಇಳಿಸುತ್ತಿರುವ ಫೋಟೊವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಈ ಉದ್ಯಾನದಲ್ಲಿ ಇದುವರೆಗೆ ಸತ್ತ ಅರಣ್ಯ ರಕ್ಷಕರ ಸಂಖ್ಯೆ 200ನ್ನು ದಾಟಿದೆ. 2020ರ ಏಪ್ರಿಲ್‌ನಲ್ಲಿ ಒಂದೇ ದಾಳಿಯಲ್ಲಿ 12 ಜನ. ಬೈದು ಉಪಯೋಗವಿಲ್ಲ, ಒಲೆಗೆ ಬೇರೆ ಏನಾದರೂ ಕೊಡಬೇಕು ಎಂದು ಉದ್ಯಾನದವರೇ ಸಣ್ಣ ಜಲವಿದ್ಯುತ್ ಘಟಕಗಳನ್ನು ಕಟ್ಟಿ ಸುತ್ತಲಿನ ಊರಿಗೆ ಕರೆಂಟ್ ಕೊಡಲು ಶುರು ಮಾಡಿದರು. ನನಗೆ ಇದು ತುಂಬಾ ಹಿಡಿಸಿದ ಕೆಲಸ.

ಹಾಗಾದರೆ ಬೆಟ್ಟದ ಗೊರಿಲ್ಲಾ ಮಾತ್ರ ಹೇಗೆ ಹೆಚ್ಚಿತು? ತಾನಾಗಿ ಹೆಚ್ಚಲಿಲ್ಲ. ಗೊರಿಲ್ಲಾಗಳನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಡಯಾನ್ ಫಾಸಿ 1967ರಲ್ಲಿ ರುವಾಂಡದ ಬೆಟ್ಟದ ಮೇಲೆ ಕರಿಸೋಕೆ ಶಿಬಿರ ಹೂಡಿದ ದಿನದಿಂದ, ನಡುವೆ 1985ರಲ್ಲಿ ಆಕೆಯನ್ನೇ ಯಾರೋ ಕೊಂದ ಮೇಲೂ, ಅಲ್ಲಿ ಗೊರಿಲ್ಲಾಗಳ ಹಿಂದೆ ಜನ ಇದ್ದಾರೆ. ಈಗ ಮನುಷ್ಯರು ಹತ್ತಿರ ಬಂದರೂ ಹೆದರದಷ್ಟು ಅಭ್ಯಾಸವಾದ ಪ್ರತಿ ಗುಂಪಿಗೂ ದಿನ ಬೆಳಗಾದರೆ ಕಾವಲಿನವರು ಹೋಗುತ್ತಾರೆ, ಮೂಗಿನ ಮೇಲಿನ ಗೆರೆ ನೋಡಿ ಒಂದೊಂದನ್ನೂ ಗುರುತಿಸುತ್ತಾರೆ. ಉರುಳು ಕಿತ್ತು ಹಾಕುತ್ತಾರೆ. ಗಾಯವಾದರೆ ಪಶುವೈದ್ಯರು ಕಾಡಿಗೇ ಬಂದು ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡಿ ಅಲ್ಲೇ ಬಿಟ್ಟು ಬರುತ್ತಾರೆ. ಇದಕ್ಕೆಲ್ಲ ದುಡ್ಡು ಪ್ರವಾಸಿಗಳದ್ದು. ರುವಾಂಡದಲ್ಲಿ ಒಂದು ಗಂಟೆ ನೋಡಲು 1,500 ಡಾಲರ್, ನಮ್ಮ ದುಡ್ಡಲ್ಲಿ ಒಂದೂಕಾಲು ಲಕ್ಷ ರೂಪಾಯಿಯ ಮೇಲೆ. ಒಂದು ಗುಂಪಿಗೆ ದಿನಕ್ಕೆ ಎಂಟೇ ಜನ. ಉದ್ಯಾನದ ವರಮಾನದಲ್ಲಿ ಶೇಕಡಾ 10 ಸುತ್ತಲಿನ ಹಳ್ಳಿಗಳಿಗೆ ಹೋಗುತ್ತದೆ. ಶಾಲೆ, ನೀರು, ರಸ್ತೆ ಆಗಿದೆ. ಹೊಲಕ್ಕೆ ಗೊರಿಲ್ಲಾ ಬಂದರೂ ಹೊಡೆಯದೆ ಓಡಿಸುವ ಮನಸ್ಸು ಬಂದಿದ್ದರಲ್ಲಿ ಅದರ ಪಾಲೂ ಇದೆ.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. 1991ರಲ್ಲಿ ಬ್ವಿಂಡಿಯನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ತಲೆತಲಾಂತರದಿಂದ ಅಲ್ಲಿದ್ದ ಬಟ್ವಾ ಜನರನ್ನು ಹೊರಗೆ ಹಾಕಿದರು. ಜಮೀನಿಲ್ಲ, ಕಾಡೂ ಇಲ್ಲ. ಇವತ್ತಿಗೂ ಅವರ ಪಾಡು ಚೆನ್ನಾಗಿಲ್ಲ. ನಾಗರಹೊಳೆಯ ಜೇನುಕುರುಬರ ವಿಷಯ ಗೊತ್ತಿರುವ ನಾವು ಇದನ್ನು ಹಾರಿಸಿ ಓದಬಾರದು.

ಸಂಖ್ಯೆ ಹೆಚ್ಚಿತು, ಕಾಡು ಹೆಚ್ಚಲಿಲ್ಲ. ಬ್ವಿಂಡಿ ಕಾಡು 331 ಚದರ ಕಿಲೋಮೀಟರ್, ನಮ್ಮ ಬಂಡೀಪುರದ ಅರ್ಧವೂ ಇಲ್ಲ. ಸುತ್ತ ಎಲ್ಲಿ ನೋಡಿದರೂ ಆಲೂಗಡ್ಡೆ, ಬಾಳೆ, ಟೀ, ಮನೆ. ಆಫ್ರಿಕಾದಲ್ಲೇ ಜನ ಕಿಕ್ಕಿರಿದಿರುವ ಸೀಮೆಗಳಲ್ಲಿ ಒಂದು. ರುವಾಂಡದ ಕೆಲವು ಕಡೆ ಗುಂಪುಗಳು ಒಂದಕ್ಕೊಂದು ಹತ್ತಿರವಾಗಿ ಜಗಳ ಜಾಸ್ತಿಯಾಗಿ ಮರಿಗಳ ಸಾವೂ ಏರಿದ್ದು ದಾಖಲಾಗಿದೆ. ಇನ್ನೊಂದು ಭಯ ನಮ್ಮಿಂದಲೇ. ಅವುಗಳ ಡಿಎನ್‌ಎ ನಮ್ಮದರ ಜೊತೆ ಸುಮಾರು 98 ಶೇಕಡಾ ಹೊಂದುತ್ತದೆ, ನಮ್ಮ ನೆಗಡಿ ಅವಕ್ಕೆ ಹತ್ತುತ್ತದೆ, ನಮಗೆ ಮೂರು ದಿನದ ಕೆಮ್ಮು ಅವಕ್ಕೆ ನ್ಯುಮೋನಿಯಾ ಆಗಬಹುದು. 1996ರಲ್ಲಿ ಬ್ವಿಂಡಿಯಲ್ಲಿ ಒಂದು ಗುಂಪಿಗೆ ಕಜ್ಜಿ ಹತ್ತಿ ಮೈಕೂದಲು ಉದುರತೊಡಗಿತು, ಒಂದು ಮರಿ ಸತ್ತೇ ಹೋಯಿತು. ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಮೂಲ ಹುಡುಕಿದರು. ಗೊರಿಲ್ಲಾಗಳು ಹೊಲಕ್ಕೆ ಬಂದಾಗ ಬೆದರುಬೊಂಬೆಗೆ ತೊಡಿಸಿದ್ದ ಹಳೇ ಬಟ್ಟೆ ಮುಟ್ಟಿ ಅದು ಹತ್ತಿರಬೇಕು ಎಂದು ಕಂಡಿತು. ಅಲ್ಲಿಂದ ಮುಂದೆ ಆಕೆ ಹಿಡಿದ ದಾರಿ, ಗೊರಿಲ್ಲಾ ಚೆನ್ನಾಗಿರಬೇಕಾದರೆ ಮೊದಲು ಪಕ್ಕದ ಹಳ್ಳಿಯ ಮನುಷ್ಯರ ಆರೋಗ್ಯ ಸರಿಯಿರಬೇಕು ಅನ್ನುವುದು.

ಇದನ್ನು ಬರೆಯಲು ಕಾರಣ ಇದೆ. ಬೆಂಗಳೂರಿನಿಂದ ಉಗಾಂಡ, ರುವಾಂಡಕ್ಕೆ ಗೊರಿಲ್ಲಾ ನೋಡಲು ಹೋಗುವವರು ಈಗ ಕಾಣುತ್ತಿದ್ದಾರೆ, ಹೋಗಲಿ, ಒಳ್ಳೆಯದೇ. ಆದರೆ ಹಾಕುವ ಫೋಟೊಗಳಲ್ಲಿ ಮಾಸ್ಕ್ ಗಲ್ಲದ ಕೆಳಗಿರುತ್ತದೆ, ಗೊರಿಲ್ಲಾ ಬೆನ್ನ ಹಿಂದೆ ಕೈಗೆಟಕುವ ಹಾಗಿರುತ್ತದೆ. ಹತ್ತು ಮೀಟರ್ ದೂರ ಇರಬೇಕು ಅನ್ನುವುದು ನಿಯಮ. ನೆಗಡಿ ಇದ್ದರೆ ಹೋಗಲೇಬಾರದು. ಅಷ್ಟು ದುಡ್ಡು ಕೊಟ್ಟು ಹೇಗೆ ಬಿಡುವುದು ಅಂತ ಮಾತ್ರೆ ನುಂಗಿ ಕೆಮ್ಮು ಅದುಮಿಕೊಂಡು ಹೋಗುವವರಿದ್ದಾರೆ ನೋಡಿ, ಅವರಿಗೆ ನನ್ನದೊಂದು ನಮಸ್ಕಾರ.

ಕ್ರಾಸ್ ರಿವರ್ ಗೊರಿಲ್ಲಾ ಬಗ್ಗೆ ಹೇಳದೆ ಮುಗಿಸಿದರೆ ನಾನೂ ನಿಮ್ಮ ಬಾಕ್ಸ್‌ನ ಹಾಗೇ ಮಾಡಿದಂತೆ. ಅವು ಉಳಿದಿರುವುದು 300ಕ್ಕಿಂತ ಕಡಿಮೆ. ಒಂದು ಕಾಲದಲ್ಲಿ ಬೇಟೆಯ ಕಾಟ ಎಷ್ಟಿತ್ತೆಂದರೆ ಮನುಷ್ಯರ ವಾಸನೆ ಬಂದರೆ ಸಾಕು, ಜಾಗ ಬಿಡುತ್ತವೆ. ಅಲ್ಲಿ ಪ್ರವಾಸವೂ ಇಲ್ಲ, ಸಂಶೋಧಕರೂ ಅವನ್ನು ನೇರ ನೋಡುವುದು ಅಪರೂಪ. ಗುಡ್ಡದಿಂದ ಗುಡ್ಡಕ್ಕೆ ಹಂಚಿಹೋಗಿವೆ, ನಡುವೆ ಹೊಲ, ಊರು, ರಸ್ತೆ. 2020ರಲ್ಲಿ ನೈಜೀರಿಯದ ಎಂಬೆ ಬೆಟ್ಟಗಳಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾ ಒಂದು ಗುಂಪನ್ನು ಸೆರೆಹಿಡಿಯಿತು, ಅದರಲ್ಲಿ ಬೇರೆ ಬೇರೆ ವಯಸ್ಸಿನ ಹಲವು ಮರಿಗಳೂ ಇದ್ದವು. ಅಲ್ಲಿಯ ಊರಿನವರೇ ಆ ಕಾಡಿಗೆ ಕಾವಲು. ಆ ಫೋಟೊ ಹಾಕಿದ ಪತ್ರಿಕೆ ಕನ್ನಡದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಭಾನುವಾರ ಅದೇ ಮಕ್ಕಳ ಪುಟದಲ್ಲಿ, ಅದೇ ಅಳತೆಯ ಬಾಕ್ಸ್‌ನಲ್ಲಿ, ನಾಲ್ಕು ಬಗೆಯ ಹೆಸರು, ಅವು ಇರುವ ಜಾಗ, ಒಂದೊಂದರ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ, ಇಷ್ಟು ಹಾಕಿ. ಥಾಬೋ, ಡೆಂಬಾ ಫೋಟೊವನ್ನೇ ಹಾಕುವುದಾದರೆ ಕೆಳಗೆ 'ಪಶ್ಚಿಮದ ತಗ್ಗುಕಾಡಿನ ಗೊರಿಲ್ಲಾ, ಸಂಖ್ಯೆ ಇಳಿಯುತ್ತಿದೆ' ಎಂದಿರಲಿ. ಪತ್ರ ಉದ್ದವಾಯಿತು, ಕತ್ತರಿ ಹಾಕುತ್ತೀರಿ ಅಂತ ಗೊತ್ತು. ಪೋಲೋ ವಿಷಯ ತೆಗೆಯಿರಿ, ಫೋನಿನ ಮಾತೂ ಬೇಕಾದರೆ ಹೋಗಲಿ. ಕ್ರಾಸ್ ರಿವರ್ ಪ್ಯಾರಾ ಮಾತ್ರ ಮುಟ್ಟಬೇಡಿ.

ಇಂತಿ,
ನಿಮ್ಮ ಹಳೆಯ ಓದುಗ,
ಮೈಸೂರು